ಎರಡು ಬೆರಳು ಕಡಿಮೆ

ಮೋಸುಲ್‌ನಲ್ಲಿ, ಟೈಗ್ರಿಸ್ ನದಿಯ ಬಲದಂಡೆಗೆ,
ನನ್ನದೊಂದು ಗಾಜಿನ ಅಂಗಡಿ.
ಯುದ್ಧ ಮುಗಿದ ವರ್ಷ ನನಗೆ ಸುಗ್ಗಿ.
ಹೇಳಲು ನಾಚಿಕೆ, ಆದರೂ ನಿಜ:
ಕೇರಿಗೆ ಕೇರಿಯೇ ಕಿಟಕಿ ಕಳಕೊಂಡಿತ್ತು,
ಗಾಜು ಕೊಯ್ಯುವವನು ನಾನೊಬ್ಬ ಉಳಿದಿದ್ದೆ.

ಜನ ಅಳತೆ ತರುತ್ತಿದ್ದರು.
ಸಿಗರೇಟು ಪ್ಯಾಕಿನ ಹಿಂದೆ ಗೀಚಿದ್ದು,
ದಾರಕ್ಕೆ ಗಂಟು ಹಾಕಿದ್ದು.
ಒಬ್ಬ ಹುಡುಗ ಅಂಗೈ ಮೇಲೆ ಬರೆದು ತಂದ,
ಬೆವರಿಗೆ ಅಳಿಸಿಹೋಗಿ ಮತ್ತೆ ಓಡಿದ.
ಯಾರೂ ಚೌಕಾಸಿ ಮಾಡಲಿಲ್ಲ.
ಹೇಳಿದಷ್ಟು ಎಣಿಸಿಟ್ಟು
ಚಿಲ್ಲರೆ ಮರೆತು ಹೋಗುತ್ತಿದ್ದರು,
ನಾನು ಹೆಚ್ಚಿಗೆ ಹೇಳಿದ ದಿನವೂ.
ಆ ಮೌನ ನನಗೆ ಹಿಡಿಸಲಿಲ್ಲ.
ದುಡ್ಡು ಹಿಡಿಸಿತು.

ಸಬೀಹಾ ಬಂದದ್ದು ಚಳಿಗೆ ಮುಂಚೆ.
'ಅಗಲ ನಾಲ್ಕು ಗೇಣು, ಎತ್ತರ ಎರಡು ಮೊಳ.'
'ಸೆಂಟಿಮೀಟರಿನಲ್ಲಿ ಹೇಳಿ,' ಅಂದೆ.
'ಮೂವತ್ತು ವರ್ಷ ಆ ಕಿಟಕಿ ಒರೆಸಿದವಳು ನಾನು,
ನಿನ್ನ ಸೆಂಟಿಮೀಟರಲ್ಲ.'
ಮೇಜಿನ ಮೇಲೆ ಗೇಣಿನ ಮುಂದೆ ಗೇಣಿಟ್ಟಳು.
ಕಂಬಳಿಹುಳದ ಹಾಗೆ ಸರಿಯಿತು ಎಡಗೈ.

'ಚೌಕಟ್ಟು ಗಟ್ಟಿಯಿದೆಯಾ?'
'ಗೋಡೆಯೇ ಇಲ್ಲ.'
ಅಂಗಡಿಯ ಹುಡುಗ ಸಫ್ವಾನ್ ಕಿಸಕ್ಕನೆ ನಕ್ಕ.
'ಮೊದಲು ಗೋಡೆ ಎಬ್ಬಿಸಿ, ಆಮೇಲೆ ಬನ್ನಿ.'
'ಮೊದಲು ಗೋಡೆ, ಮೊದಲು ಗೋಡೆ ಅಂತಲೇ ವರ್ಷ ಹೋಯಿತು.
ಇಟ್ಟಿಗೆ ಕಂಡರೆ ನನಗೆ ಕೈಯೇ ಏಳುವುದಿಲ್ಲ.
ಗಾಜಿದ್ದರೆ, ಒಡೆಯಬಾರದಲ್ಲ ಅಂತಾದರೂ
ಅದರ ಸುತ್ತ ಏನಾದರೂ ಕಟ್ಟಲೇಬೇಕಾಗುತ್ತದೆ.'

ಕೊಯ್ದು ಕೊಟ್ಟೆ. ಸಾಲದ ಪುಸ್ತಕದಲ್ಲಿ ಬರೆದುಕೊಂಡೆ.
ಕತ್ತೆಗಾಡಿಯಲ್ಲಿ, ಎರಡು ಹಾಸಿಗೆಗಳ ನಡುವೆ ಗಾಜು;
ಹಿಂದೆ ಆಕೆ,
ಗುಂಡಿ ಬಂದಲ್ಲೆಲ್ಲ ಗಾಡಿಯವನಿಗೆ ಬೈಯುತ್ತ.

ಆ ಚಳಿಗಾಲ ಒಮ್ಮೆ ಅವಳ ಬೀದಿಯಲ್ಲಿ ಹಾದೆ.
ಬಾಂಬು ತೆಗೆಯುವವರು ಗೋಡೆಗೋಡೆಗೂ
ಕೆಂಪು ಬಣ್ಣದಲ್ಲಿ 'ಅಪಾಯವಿಲ್ಲ' ಎಂದು ಬರೆದಿದ್ದರು.
ಅವಳಲ್ಲಿ ಗೋಡೆ ಸಿಗದೆ ನೆಲಕ್ಕೇ ಬರೆದು ಹೋಗಿದ್ದರು.
ತಗಡಿನ ಸೂರಿನಡಿ ಒರಗಿದ್ದ ಗಾಜಿನಲ್ಲಿ
ಒಂದು ಬೆಕ್ಕು ತನ್ನನ್ನೇ ಗುರಾಯಿಸುತ್ತಿತ್ತು.

ಮಣ್ಣು ಎತ್ತುವಾಗ ಹಳೇ ಕಿಟಕಿಯ ಅಡಿಗಲ್ಲು ಸಿಕ್ಕಿತಂತೆ,
ಅಮೃತಶಿಲೆಯದು, ಒಂದು ಮೂಲೆ ಮಾತ್ರ ಚಕ್ಕೆಯೆದ್ದದ್ದು.
ಅದನ್ನೇ ಇಟ್ಟು, ಅದರ ಉದ್ದಕ್ಕೇ ಸರಿಯಾಗಿ
ಅಳಿಯನೂ ಅವನ ತಮ್ಮನೂ ಗೋಡೆ ಎಬ್ಬಿಸಿದರು.

ವಸಂತದ ಒಂದು ಬೆಳಗ್ಗೆ ಬಂದಳು,
ಮುಸುಕಿನ ತುಂಬ ಸಿಮೆಂಟು.
'ಘಾನಿಮ್, ಮೋಸಗಾರ!
ಎರಡು ಬೆರಳು ಕಡಿಮೆ ಕೊಯ್ದಿದ್ದೀಯ!'

ಹೋಗಿ ಟೇಪು ಹಿಡಿದೆ.
ಹೌದು. ಎರಡೇ ಬೆರಳು.
'ಕೈ ತೋರಿಸಿ,' ಅಂದೆ.
ಬಾಗಿಲು ಮೈಮೇಲೆ ಬಿದ್ದ ದಿನ ಮುರಿದ ಹೆಬ್ಬೆರಳು
ಓರೆಯಾಗಿ ಕೂಡಿಕೊಂಡಿತ್ತು.
ಎಷ್ಟು ಹರಡಿದರೂ ಅಲ್ಲಿಗೇ ನಿಲ್ಲುತ್ತಿತ್ತು.
ಗೇಣಿಗೆ ಅರ್ಧ ಬೆರಳು, ನಾಲ್ಕು ಗೇಣಿಗೆ
ಆಕೆ ನನಗಿಂತ ಮೊದಲೇ ಲೆಕ್ಕ ಮುಗಿಸಿದ್ದಳು.
ಕೈಯನ್ನು ಒಮ್ಮೆ ತಿರುಗಿಸಿ ನೋಡಿ
ಮುಸುಕಿನೊಳಗೆ ಎಳೆದುಕೊಂಡಳು.

ಶಾಲೆಯ ಮುರಿದ ಬೆಂಚಿನ ಪಟ್ಟಿಯೊಂದನ್ನು ಕೊಯ್ದು
ಸಂದಿಗೆ ಕೂರಿಸಿದೆ. ಅದರ ಮೇಲೆ
ಯಾವ ಮಗುವೋ ಕೈವಾರದ ಮೊನೆಯಲ್ಲಿ ಕೊರೆದ
ಅರ್ಧ ಹೆಸರು.
'ಹೆರೆದುಬಿಡಲಾ?'
'ಇರಲಿ.'

'ಎಷ್ಟಾಯಿತು?'
'ಪಟ್ಟಿಗೆ ನಾಲ್ಕು ಸಾವಿರ ದಿನಾರ್.'
'ಬೀದಿಯಲ್ಲಿ ಹೆಕ್ಕಿದ ಮರಕ್ಕೆ ನಾಲ್ಕು ಸಾವಿರ! ಎರಡು.'
'ಮೂರೂವರೆ. ಮೊಳೆ ನನ್ನದು.'
'ಮೊಳೆ ಕಿತ್ತುಕೊಂಡು ಹೋಗು. ಎರಡೂ ಕಾಲು.'

ಕೇರಿಯ ಜನರೇಟರು ನಿಂತಿತು.
ಆಚೆ ಮನೆಯಿಂದ ಯಾರೋ ಇಣುಕಿದರು.
ಆಕೆ ಗಾಜಿಗೆ ಬೆನ್ನು ಮಾಡಿ
ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.
ನಾನು ಸುತ್ತಿಗೆ ಕೆಳಗಿಟ್ಟು
ಮರಳಿನ ಚೀಲದ ಮೇಲೆ ಕೂತೆ.
ಅವಸರವೇನಿರಲಿಲ್ಲ.

'ಮೂರು,' ಅಂದೆ.
'ಚಹಾ ಕುಡಿ,' ಅಂದಳು. 'ಎರಡೂವರೆ.'